ಅಟ್ಟದ ಟ್ರಂಕಿನಲ್ಲಿ ಹಳೆ ಕಾಮಿಕ್ಸ್ ಸಿಕ್ಕಿವೆ, ಬೆಲೆ ಕಟ್ಟೋದು ಹೇಗೆ?

ಶಿರಸಿ ಮಾಣಿ:

ಎಲ್ಲರಿಗೂ ನಮಸ್ಕಾರ. ಸೋದರಮಾವನ ಮನೆಯ ಹೆಂಚು ಬದಲಿಸುವಾಗ ಅಟ್ಟದಿಂದ ಎರಡು ಟ್ರಂಕು ಇಳಿಸಿದೆವು. ಒಂದರ ತುಂಬಾ ಕಾಮಿಕ್ಸ್. ಕನ್ನಡದ ಇಂದ್ರಜಾಲ ಕಾಮಿಕ್ಸ್ ಒಂದು ದೊಡ್ಡ ಕಟ್ಟು ಇದೆ. ಹೆಚ್ಚಿನವು ಫ್ಯಾಂಟಮ್, ಮಾಂಡ್ರೇಕ್. ನಡುನಡುವೆ ಬಹಾದ್ದೂರ್. ಅಮರ ಚಿತ್ರಕಥೆ ಕನ್ನಡದವೂ ಇವೆ, ಇಂಗ್ಲಿಷಿನವೂ ಇವೆ. ಚಂದಮಾಮವನ್ನು ವರ್ಷಕ್ಕೊಂದರಂತೆ ಬೈಂಡ್ ಮಾಡಿಸಿಟ್ಟಿದ್ದಾರೆ. ಇವಲ್ಲದೆ ಒಂದಷ್ಟು ಹರಿದ ಚೂರುಪಾರು ಇದೆ.

ರದ್ದಿಯವನು ಕೆಜಿ ಲೆಕ್ಕದಲ್ಲಿ ಕೇಳಿದ. ಬೆಂಗಳೂರಿನಿಂದ ಒಬ್ಬರು ಫೋನ್ ಮಾಡಿ "ಟ್ರಂಕು ಸಮೇತ ಎಲ್ಲಾ ಕೊಡಿ, ಒಂದೇ ಮೊತ್ತ ಕೊಡ್ತೀನಿ" ಅಂದರು. ಮಾವನಿಗೆ ಕೊಡೋ ಮನಸ್ಸಿಲ್ಲ. ಅತ್ತೆಗೆ ಅಟ್ಟ ಖಾಲಿಯಾಗಬೇಕು. ಕೊಡೋದೋ ಬಿಡೋದೋ ಆಮೇಲೆ. ಮೊದಲು ಇವುಗಳ ನಿಜವಾದ ಬೆಲೆ ಎಷ್ಟು ಅಂತ ತಿಳಿಯೋದು ಹೇಗೆ? ತಿಳಿದವರು ದಯವಿಟ್ಟು ಹೇಳಿ.

ಅವೆನ್ಯೂ ರಸ್ತೆ ಓದುಗ:

ಮಾಣಿ ಅವರೇ, ಒಟ್ಟು ಮೊತ್ತಕ್ಕೆ ಮಾತ್ರ ಕೊಡಬೇಡಿ. ಟ್ರಂಕಿಗೆ ಒಂದೇ ಬೆಲೆ ಹೇಳುವವರು ಅದರಲ್ಲಿ ಯಾವ ನಾಲ್ಕು ಪುಸ್ತಕ ಬೇಕು ಅಂತ ಮೊದಲೇ ಲೆಕ್ಕ ಹಾಕಿರುತ್ತಾರೆ. ಉಳಿದವು ಅವರಿಗೆ ಸುಮ್ನೆ ಬಂದಂತೆ.

ಮೊದಲ ಕೆಲಸ ಪಟ್ಟಿ. ಒಂದು ನೋಟ್‌ಬುಕ್ ತೆಗೆದುಕೊಂಡು ಪ್ರತಿಯೊಂದಕ್ಕೂ ಒಂದು ಸಾಲು ಬರೆಯಿರಿ: ಹೆಸರು, ಸಂಚಿಕೆ ಸಂಖ್ಯೆ, ಭಾಷೆ, ಮುಖಬೆಲೆ, ಮುಖಪುಟ ಇದೆಯೋ ಇಲ್ಲವೋ, ಪುಟ ಕಮ್ಮಿ ಇದೆಯೋ ಇಲ್ಲವೋ. ಪುಟ ಎಣಿಸೋದು ಬೇಜಾರಿನ ಕೆಲಸ, ಆದರೂ ಎಣಿಸಿ. ನಮ್ಮಲ್ಲಿ ಹಳೆ ಕಾಮಿಕ್ಸ್ ಬೆಲೆ ಬೀಳೋದು ಹೆಚ್ಚಾಗಿ ನಡುವಿನ ಹಾಳೆ ಇಲ್ಲದೆ. ಪಿನ್ನು ತುಕ್ಕು ಹಿಡಿದು ಸಡಿಲವಾದರೆ ಮೊದಲು ಕಳಚಿಕೊಳ್ಳೋದೇ ಆ ಹಾಳೆ. ನಾಲ್ಕು ಪುಟ ಒಟ್ಟಿಗೆ ಹೋಗಿರುತ್ತೆ, ಮೇಲಿಂದ ನೋಡಿದರೆ ಗೊತ್ತೇ ಆಗಲ್ಲ.

ಇನ್ನೊಂದು ಮಾತು. ಅಪರೂಪ ಬೇರೆ, ಬೆಲೆ ಬೇರೆ. ಇದನ್ನು ಇಲ್ಲಿ ಬರುವ ಎಲ್ಲರಿಗೂ ಹೇಳುತ್ತಿರುತ್ತೇನೆ. ಕನ್ನಡದ ಇಂದ್ರಜಾಲ ಸಿಗೋದು ಇಂಗ್ಲಿಷಿನದಕ್ಕಿಂತ ಬಹಳ ಕಷ್ಟ. ನಮ್ಮ ಮನೆಗಳಲ್ಲಿ ಕನ್ನಡದ್ದನ್ನು ಓದಿ, ಪಕ್ಕದ ಮನೆಗೆ ಕೊಟ್ಟು, ಕೊನೆಗೆ ಕಡ್ಲೆಪುರಿ ಕಟ್ಟೋಕೆ ಕೊಟ್ಟರು. ಇಂಗ್ಲಿಷಿನದ್ದನ್ನು ಮಾತ್ರ ಜೋಪಾನ ಮಾಡಿದರು. ಆದರೆ ಕೊಳ್ಳುವವರಿಗೆ ಬಂದರೆ ಇಂಗ್ಲಿಷ್ ಪ್ರತಿಗೆ ದೇಶದ ಎಲ್ಲ ಕಡೆ, ಹೊರದೇಶದಲ್ಲೂ ಜನ ಇದ್ದಾರೆ. ಕನ್ನಡ ಪ್ರತಿಯನ್ನು ಹುಡುಕುವವರು ನಮ್ಮಂಥ ಕೆಲವರು. ಸಂಖ್ಯೆ ಕಮ್ಮಿ, ಬೇಡಿಕೆಯೂ ಕಮ್ಮಿ. ಹೀಗಾಗಿ ಬೆಲೆ ಎಲ್ಲೋ ನಡುವೆ ನಿಲ್ಲುತ್ತೆ. ಇವತ್ತು ಹಾಗಿದೆ, ನಾಳೆಯೂ ಹಾಗೇ ಇರಬೇಕು ಅಂತೇನಿಲ್ಲ.

ಪೇಡೆ ನಗರಿ:

ಇಂದ್ರಜಾಲ ಮತ್ತು ಅಮರ ಚಿತ್ರಕಥೆಯನ್ನು ಒಂದೇ ತಕ್ಕಡಿಗೆ ಹಾಕಬೇಡ್ರಿ. ಎರಡರ ಲೆಕ್ಕವೇ ಬೇರೆ.

ಇಂದ್ರಜಾಲ ಶುರುವಾಗಿದ್ದು 1964ರ ಮಾರ್ಚ್‌ನಲ್ಲಿ, ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯಿಂದ. ಮೊದಲು ತಿಂಗಳಿಗೊಂದು, ಆಮೇಲೆ ಹದಿನೈದು ದಿನಕ್ಕೊಂದು, ಕಡೆಗೆ ವಾರಕ್ಕೊಂದು. 1990ರಲ್ಲಿ ನಿಂತಿತು. ಪತ್ರಿಕೆಯ ಥರ ಬಂದು ಹೋದ ಸಂಚಿಕೆಗಳು ಅವು. ಅದೇ ಕಥೆ ಮುಂದೆ ಬೇರೆ ಸಂಖ್ಯೆಯಲ್ಲಿ ಬಂದದ್ದುಂಟು, ಆದರೆ ಹಳೆ ಸಂಚಿಕೆಯನ್ನೇ ಮತ್ತೆ ಮತ್ತೆ ಅಚ್ಚು ಹಾಕಿ ಅಂಗಡಿಯಲ್ಲಿ ಇಡುತ್ತಿರಲಿಲ್ಲ. ಕೈಯಲ್ಲಿ ಇರೋದು ಹೆಚ್ಚುಕಡಿಮೆ ಆ ಕಾಲದ್ದೇ.

ಅಮರ ಚಿತ್ರಕಥೆ ಹಾಗಲ್ಲ. ಒಂದೇ ಪುಸ್ತಕ ವರ್ಷಗಟ್ಟಲೆ ಮರುಮುದ್ರಣ ಆಗಿದೆ. "ನಮ್ಮ ಮನೇಲಿ ಕೃಷ್ಣ ಇದೆ, ಅದು ಮೊದಲನೇದು" ಅಂತ ವಾರಕ್ಕೊಬ್ಬರು ಬರುತ್ತಾರೆ. ತೆಗೆದು ನೋಡಿದರೆ ಎಂಬತ್ತರ ದಶಕದ ಅಚ್ಚು. ಹಾಗಾಗಿ ಅಚ್ಚಾದ ವರ್ಷ ಪತ್ತೆ ಮಾಡೋದೇ ಇಲ್ಲಿ ಮುಖ್ಯ. ಎಷ್ಟೋ ಪ್ರತಿಗಳಲ್ಲಿ ಅದು ನೇರವಾಗಿ ಸಿಗಲ್ಲ. ಆಗ ನಾನು ನೋಡೋದು ವಿಳಾಸ.

ಪಿನ್‌ಕೋಡ್ ಬಂದಿದ್ದು 1972ರ ಆಗಸ್ಟ್ 15ಕ್ಕೆ. ಅಮರ ಚಿತ್ರಕಥೆಯ ಕಚೇರಿ ಮುಂಬೈನ ಭೂಲಾಭಾಯಿ ದೇಸಾಯಿ ರಸ್ತೆಯಲ್ಲಿತ್ತು. ವಿಳಾಸದ ಕೊನೆಗೆ 400 026 ಅಂತ ಆರಂಕಿ ಇದ್ದರೆ ಆ ಪ್ರತಿ 1972ರ ನಂತರದ್ದು, ಅನುಮಾನವೇ ಬೇಡ. ಬರೀ 26 ಅಂತಿದ್ದರೆ ಹಳೆಯದಿರಬಹುದು. ಅದೊಂದನ್ನೇ ನಂಬಬೇಡ್ರಿ, ಯಾಕಂದ್ರೆ ಹಳೆ ಅಭ್ಯಾಸದಲ್ಲಿ ಸ್ವಲ್ಪ ಕಾಲ ಹಾಗೇ ಅಚ್ಚು ಹಾಕಿದವರೂ ಇದ್ದಾರೆ. ಬೊಂಬಾಯಿ ಹೋಗಿ ಮುಂಬೈ ಆಗಿದ್ದು 1995ರಲ್ಲಿ. ನಮ್ಮ ಕಡೆಯ ಅಂಗಡಿ ಮೊಹರಿನಲ್ಲಿ "ಮೈಸೂರು ರಾಜ್ಯ" ಅಂತಿದ್ದರೆ ಆ ಮೊಹರು 1973ರ ನವೆಂಬರ್‌ಗಿಂತ ಮುಂಚಿನದು. ಇನ್ನು, ಒಳಪುಟದಲ್ಲೋ ಹಿಂಬದಿಯಲ್ಲೋ "ಇದುವರೆಗೆ ಪ್ರಕಟವಾದವು" ಅಂತ ಪಟ್ಟಿ ಇದ್ದರೆ ಅದರ ಕೊನೆ ಹೆಸರು ನೋಡ್ರಿ. 11ನೇ ಸಂಖ್ಯೆಯ ಪುಸ್ತಕದ ಒಳಗೆ 200ನೇ ಪುಸ್ತಕದ ಹೆಸರಿದ್ದರೆ ಅದು ಮೊದಲ ಮುದ್ರಣ ಆಗೋಕೆ ಸಾಧ್ಯವೇ ಇಲ್ಲ, ಅಲ್ವಾ?

ಸಂಖ್ಯೆ 501 ಅಥವಾ ಅದಕ್ಕಿಂತ ಮೇಲಿದ್ದರೆ ಅದು ಆಮೇಲಿನ ಹೊಸ ಸಾಲಿನ ಮರುಮುದ್ರಣ. ಓದೋಕೆ ಚೆನ್ನಾಗಿದೆ, ಸಂಗ್ರಾಹಕರು ಅದಕ್ಕೆ ಬೆಲೆ ಕಟ್ಟಲ್ಲ.

ನ್ಯೂಜೆರ್ಸಿ ಕನ್ನಡತಿ:

ಇಲ್ಲಿ ಅಮೆರಿಕದಲ್ಲಿ ಬೆಲೆ ಕಟ್ಟೋ ಪದ್ಧತಿ ಹೇಗೆ ಬೆಳೀತು ಅಂತ ಸ್ವಲ್ಪ ಹೇಳುತ್ತೇನೆ. ಅದರಲ್ಲಿ ನಮಗೆ ಬೇಕಾದ್ದೂ ಇದೆ, ಬೇಡದ್ದೂ ಇದೆ.

1970ರಲ್ಲಿ ಓವರ್‌ಸ್ಟ್ರೀಟ್ ಅನ್ನುವ ಬೆಲೆ ಕೈಪಿಡಿ ಬಂತು. ಯಾವ ಸಂಚಿಕೆ, ಯಾವ ಸ್ಥಿತಿಯಲ್ಲಿದ್ದರೆ ಎಷ್ಟು ಅಂತ ಅದರಲ್ಲಿ ಇರುತ್ತೆ. 2000ದಲ್ಲಿ ಸಿಜಿಸಿ ಅನ್ನುವ ಕಂಪನಿ ಶುರುವಾಯಿತು. ಅವರು ಪುಸ್ತಕವನ್ನು ಪರೀಕ್ಷೆ ಮಾಡಿ, 10ಕ್ಕೆ ಇಷ್ಟು ಅಂತ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ಕೊಡುತ್ತಾರೆ. ಅರ್ಧ ಅಂಕದ ವ್ಯತ್ಯಾಸಕ್ಕೆ ಬೆಲೆ ದುಪ್ಪಟ್ಟಾಗೋದೂ ಇದೆ.

ಸೂಪರ್‌ಮ್ಯಾನ್ ಮೊದಲ ಸಲ ಕಾಣಿಸಿಕೊಂಡ ಆಕ್ಷನ್ ಕಾಮಿಕ್ಸ್ ಒಂದನೇ ಸಂಚಿಕೆ 1938ರದ್ದು, ಮುಖಬೆಲೆ 10 ಸೆಂಟ್. 8.5 ಅಂಕದ ಒಂದು ಪ್ರತಿ 2024ರ ಏಪ್ರಿಲ್‌ನಲ್ಲಿ 60 ಲಕ್ಷ ಡಾಲರಿಗೆ ಹೋಯಿತು. 1939ರ ಸೂಪರ್‌ಮ್ಯಾನ್ ಒಂದನೇ ಸಂಚಿಕೆ 2025ರ ನವೆಂಬರ್‌ನಲ್ಲಿ 91 ಲಕ್ಷ ಡಾಲರ್ ದಾಟಿತು. ಆ ಪ್ರತಿ ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ಒಂದು ಮನೆಯ ಅಟ್ಟದಲ್ಲಿ. ತಾಯಿ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ಮೂವರು ಅಣ್ಣತಮ್ಮಂದಿರಿಗೆ ಹಳೆ ನ್ಯೂಸ್‌ಪೇಪರ್‌ಗಳ ಕೆಳಗೆ ರಟ್ಟಿನ ಡಬ್ಬಿಯಲ್ಲಿ ಸಿಕ್ಕಿತು.

ಇಷ್ಟು ಬೆಲೆ ಯಾಕೆ? ಆ ಕಾಲದ ಕಾಮಿಕ್ಸ್ ಮಕ್ಕಳು ಓದಿ ಬಿಸಾಡುವ ವಸ್ತು ಆಗಿತ್ತು. ಎರಡನೇ ಮಹಾಯುದ್ಧದಲ್ಲಿ ರದ್ದಿ ಕಾಗದ ಸಂಗ್ರಹಿಸಿ ಕೊಡಿ ಅಂತ ಸರ್ಕಾರವೇ ಕೇಳಿತು, ಮಕ್ಕಳೇ ಮನೆಮನೆಗೆ ಹೋಗಿ ಕಟ್ಟು ಹೊತ್ತು ತಂದರು. ಅಳಿದುಳಿದದ್ದು ಬಹಳ ಕಮ್ಮಿ. ಅದನ್ನು ಓದಿದ ಹುಡುಗರು ದೊಡ್ಡವರಾಗಿ ಕೈಯಲ್ಲಿ ದುಡ್ಡು ಬಂದ ಮೇಲೆ ಹುಡುಕೋಕೆ ಹೊರಟರು.

ತೊಂಬತ್ತರ ದಶಕದಲ್ಲಿ ಇದರ ಉಲ್ಟಾ ನಡೆಯಿತು. "ಮುಂದೆ ಕೋಟಿ ಬರುತ್ತೆ" ಅಂತ ಜನ ಹೊಸ ಕಾಮಿಕ್ಸ್‌ನ ಒಂದೇ ಸಂಚಿಕೆಯನ್ನು ಡಜನ್‌ಗಟ್ಟಲೆ ಕೊಂಡಿಟ್ಟರು. 1991ರ ಎಕ್ಸ್-ಮೆನ್ ಒಂದನೇ ಸಂಚಿಕೆ 80 ಲಕ್ಷ ಪ್ರತಿ ಮೀರಿ ಹೋಯಿತು. 1992ರಲ್ಲಿ ಸೂಪರ್‌ಮ್ಯಾನ್ ಸಾಯುವ ಸಂಚಿಕೆಗೆ ಅಂಗಡಿ ಮುಂದೆ ಕ್ಯೂ ನಿಂತಿದ್ದರು. ಎಲ್ಲರೂ ಜೋಪಾನವಾಗಿ ಇಟ್ಟಿದ್ದರಿಂದ ಇವತ್ತಿಗೂ ಬೇಕಾದಷ್ಟು ಸಿಗುತ್ತವೆ, ಕೇಳುವವರಿಲ್ಲ. ಆ ಗುಳ್ಳೆ ಒಡೆದು ಎಷ್ಟೋ ಅಂಗಡಿ ಮುಚ್ಚಿದವು. 1996ರ ಕೊನೆಗೆ ಎಕ್ಸ್-ಮೆನ್ ಪ್ರಕಟಿಸುವ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು.

ಮಾಣಿ, ನಿಮ್ಮ ಪುಸ್ತಕಗಳನ್ನು ಇಲ್ಲಿಗೆ ಕಳಿಸಿ ಅಂಕ ಹಾಕಿಸೋ ಯೋಚನೆ ಈಗಲೇ ಬೇಡ. ಅಂಚೆ, ವಿಮೆ, ಪರೀಕ್ಷೆಯ ಶುಲ್ಕ ಸೇರಿದರೆ ಪುಸ್ತಕದ ಬೆಲೆಯನ್ನೇ ಮೀರುತ್ತೆ.

ಕರಾವಳಿ ಕೂಸು:

ಅಕ್ಕ ಹೇಳಿದ್ದೆಲ್ಲ ಸರಿ. ಆದರೆ ಕೋಟಿಯ ಸುದ್ದಿ ಕೇಳಿ ನಮ್ಮೂರ ಮಾರಾಟಗಾರರು 1985ರ ಸಾಮಾನ್ಯ ಸಂಚಿಕೆಗೂ ಬಾಯಿಗೆ ಬಂದ ರೇಟು ಹಾಕುತ್ತಾರೆ. ಆನ್‌ಲೈನಿನಲ್ಲಿ ಒಬ್ಬರು 15,000 ಅಂತ ಹಾಕಿದರೆ ಅದು ಅವರ ಆಸೆ, ಬೆಲೆ ಅಲ್ಲ. ಮಾರಾಟ ಆಗಿ ಹೋದದ್ದು ಎಷ್ಟಕ್ಕೆ ಅನ್ನೋದು ಬೆಲೆ. ಹರಾಜು ತಾಣಗಳಲ್ಲಿ ಮಾರಾಟವಾದವುಗಳನ್ನು ಮಾತ್ರ ಬೇರೆ ಮಾಡಿ ತೋರಿಸುವ ಸೌಲಭ್ಯ ಇರುತ್ತೆ, ಅದನ್ನೇ ನೋಡಿ. ಅದೇ ಸಂಚಿಕೆ, ಅದೇ ಭಾಷೆ, ಹತ್ತಿರದ ಸ್ಥಿತಿ, ಈಚಿನ ಮಾರಾಟ. ಇಷ್ಟೂ ಹೊಂದಿದರೆ ಮಾತ್ರ ಹೋಲಿಕೆ.

ನಮ್ಮಲ್ಲಿ ಬೆಲೆ ಕೈಪಿಡಿ ಇಲ್ಲ. ಹಾಗಾಗಿ ಪರಸ್ಪರ ಹೇಳಿಕೊಳ್ಳೋದೇ ದಾರಿ. ಯಾರು ಎಷ್ಟಕ್ಕೆ ಕೊಂಡರು, ಎಷ್ಟಕ್ಕೆ ಕೊಟ್ಟರು ಅಂತ ಇಲ್ಲಿ ಮುಕ್ತವಾಗಿ ಬರೆಯಿರಿ ಅಂತ ನಾನು ಎಲ್ಲರನ್ನೂ ಕೇಳಿಕೊಳ್ಳುತ್ತೇನೆ. ಮುಚ್ಚಿಟ್ಟರೆ ಲಾಭ ಆಗೋದು ಮಧ್ಯವರ್ತಿಗೆ ಮಾತ್ರ.

ಬೈಂಡರ್ ಮಗ:

ಚಂದಮಾಮದ ಬೈಂಡ್ ಬಗ್ಗೆ ಯಾರೂ ಮಾತಾಡಿಲ್ಲ. ನಮ್ಮಪ್ಪ ಇದೇ ಕೆಲಸ ಮಾಡುತ್ತಿದ್ದರು. ಅದಕ್ಕೆ ಬರೀತಿದ್ದೇನೆ.

ಬೈಂಡ್ ಮಾಡುವಾಗ ಮೂರು ಕಡೆ ಅಂಚು ಕತ್ತರಿಸುತ್ತಾರೆ. ಹಾಳೆಗಳು ಸಮ ಆಗಲಿ ಅಂತ. ಅದರಲ್ಲಿ ಪುಟಸಂಖ್ಯೆ, ಕೆಲವು ಸಲ ಚಿತ್ರದ ಚೌಕಟ್ಟೂ ಹೋಗುತ್ತೆ. ಬೆನ್ನಿಗೆ ದಾರ ಹಾಕೋಕೆ ತೂತು ಕೊರೆಯುತ್ತಾರೆ, ಮೈದಾ ಅಂಟು ಹಚ್ಚುತ್ತಾರೆ. ಆ ಅಂಟಿಗೇ ಹುಳ ಬರೋದು. ಮುಖಪುಟಗಳನ್ನು ಕಿತ್ತು ಬೇರೆ ಇಟ್ಟು ಒಳಗಿನದನ್ನು ಮಾತ್ರ ಬೈಂಡ್ ಮಾಡಿ ಅಂತ ಹೇಳುವವರೂ ಇದ್ದರು, ದಪ್ಪ ಕಮ್ಮಿ ಆಗಲಿ ಅಂತ. ಸಂಗ್ರಾಹಕರ ಕಣ್ಣಲ್ಲಿ ಇದೆಲ್ಲಾ ದೊಡ್ಡ ಊನವೇ. ಬಿಡಿ ಪ್ರತಿಗೆ ಸಿಗುವ ಬೆಲೆಯ ಒಂದು ಪಾಲೂ ಬೈಂಡಿಗೆ ಸಿಗಲ್ಲ.

ಆದರೂ ಒಂದು ಮಾತು ಹೇಳಲೇಬೇಕು. ಬೈಂಡ್ ಮಾಡಿಸಿದ್ದರಿಂದಲೇ ಅವು ಉಳಿದಿರೋದು. ಬಿಡಿಬಿಡಿಯಾಗಿದ್ದರೆ ಯಾವತ್ತೋ ಒಲೆಗೆ ಹೋಗುತ್ತಿದ್ದವು. ಕನ್ನಡ ಚಂದಮಾಮ ಶುರುವಾಗಿದ್ದು 1949ರ ಜುಲೈನಲ್ಲಿ. ಐವತ್ತರ ದಶಕದ ಸಂಚಿಕೆಗಳನ್ನು ನಾನು ನೋಡಿರೋದೆಲ್ಲಾ ಬೈಂಡ್‌ನಲ್ಲೇ.

ದಯವಿಟ್ಟು ಬೈಂಡ್ ಬಿಚ್ಚೋಕೆ ಹೋಗಬೇಡಿ. ಬಿಚ್ಚಿದರೆ ಬಿಡಿ ಪ್ರತಿ ಸಿಗಲ್ಲ, ಬೆನ್ನು ಹರಿದ ಹಾಳೆ ಸಿಗುತ್ತೆ. ತೆರೆದು ನೋಡಿ, ಬಣ್ಣದ ಮುಖಪುಟಗಳು ಒಳಗೇ ಇವೆಯಾ? ಎಂ.ಟಿ.ವಿ. ಆಚಾರ್ಯರು ಬರೆದ ಮಹಾಭಾರತದ ಚಿತ್ರಗಳು, ವಡ್ಡಾದಿ ಪಾಪಯ್ಯನವರ ಚಿತ್ರಗಳು, ಒಳಗೆ ಶಂಕರ್ ಮತ್ತು ಚಿತ್ರಾ ಅವರ ರೇಖೆಗಳು. ಮುಖಪುಟ ಇದ್ದರೆ ಆ ಬೈಂಡಿಗೆ ಬೆಲೆ ಇದೆ. ಅದನ್ನು ಪ್ರೀತಿಯಿಂದ ಕೊಳ್ಳುವವರೂ ಇದ್ದಾರೆ.

ಶಿರಸಿ ಮಾಣಿ:

ಎಲ್ಲರಿಗೂ ತುಂಬಾ ಧನ್ಯವಾದ. ಪಟ್ಟಿ ಶುರು ಮಾಡಿದ್ದೇನೆ. ಚಂದಮಾಮದಲ್ಲಿ ಮುಖಪುಟಗಳು ಇವೆ! ಇಂದ್ರಜಾಲದ ಕೆಲವಕ್ಕೆ ಯಾವುದೋ ಸರ್ಕ್ಯುಲೇಟಿಂಗ್ ಲೈಬ್ರರಿಯ ಸೀಲು ಇದೆ, ಮುಖಪುಟದ ಮೇಲೇ ದಪ್ಪ ಪಿನ್ನು ಹೊಡೆದಿದ್ದಾರೆ. ಇನ್ನು ಚೂರುಪಾರಿನಲ್ಲಿ ಫಾರಿನ್ ಕಥೆಗಳ ಎರಡು ಪುಸ್ತಕ ಇವೆ, ಸಿಂಡ್ರೆಲ್ಲಾ ಮತ್ತು ಪಿನೋಕಿಯೋ. ಬಣ್ಣದ ಚಿತ್ರ, ಕನ್ನಡದಲ್ಲಿ ಮಾತು. ಮುಖಪುಟ ಎರಡಕ್ಕೂ ಇಲ್ಲ, ಅಂಚು ಹರಿದಿದೆ. ಅವನ್ನು ರದ್ದಿಗೆ ಹಾಕಿ ಉಳಿದವನ್ನು ಬರೆಯಲಾ?

ಪೇಡೆ ನಗರಿ:

ನಿಲ್ಲಿಸ್ರಿ! ರದ್ದಿಗೆ ಹಾಕಬೇಡ್ರಿ. ಆ ಎರಡನ್ನು ಈಗಲೇ ಒಂದು ಗಟ್ಟಿ ರಟ್ಟಿನ ನಡುವೆ ಇಡ್ರಿ.

ಅಮರ ಚಿತ್ರಕಥೆಯ ಸಂಖ್ಯೆ ಯಾಕೆ ಕೃಷ್ಣ 11 ಅಂತ ಶುರುವಾಗುತ್ತೆ ಗೊತ್ತೇನು? ಮೊದಲ ಹತ್ತು ಪುಸ್ತಕಗಳು ನಮ್ಮ ಪುರಾಣದವಲ್ಲ. ಪಶ್ಚಿಮದ ಮಕ್ಕಳ ಕಥೆಗಳ ಕಾಮಿಕ್ಸ್, ಕನ್ನಡಕ್ಕೆ ತಂದವು. ಜ್ಯಾಕ್ ಮತ್ತು ಬೀನ್ಸ್ ಬಳ್ಳಿ, ಸಿಂಡ್ರೆಲ್ಲಾ, ಕೆಂಪು ಟೋಪಿಯ ಹುಡುಗಿ, ಅಲ್ಲಾದ್ದೀನ್, ಮೂರು ಹಂದಿಮರಿ, ಪಿನೋಕಿಯೋ, ಸ್ನೋವೈಟ್, ಇಂಥವು. ಬೆಂಗಳೂರಿನಲ್ಲಿ ಅಮರ ಚಿತ್ರಕಥೆಯ ಪ್ರಕಾಶಕರಾದ ಇಂಡಿಯಾ ಬುಕ್ ಹೌಸ್‌ನ ಕೆಲಸ ನೋಡುತ್ತಿದ್ದ ಜಿ.ಕೆ. ಅನಂತರಾಮ್ ಅವರು 1965ರಲ್ಲಿ ಇವನ್ನು ಕನ್ನಡದಲ್ಲಿ ತಂದರು. ಆಮೇಲೆ ನಮ್ಮದೇ ಕಥೆಗಳನ್ನು ಯಾಕೆ ಮಾಡಬಾರದು ಅನ್ನೋ ಮಾತು ಬಂತು. ಅನಂತ ಪೈ ಅವರ ಸಂಪಾದಕತ್ವದಲ್ಲಿ, ರಾಮ್ ವಾಯಿರ್‌ಕರ್ ಅವರ ಚಿತ್ರಗಳಲ್ಲಿ ಕೃಷ್ಣ ಬಂತು.

ನಿಮ್ಮ ಹತ್ತಿರ ಇರೋದು ಅದೇ ಸಾಲಿನದು ಅಂತ ನಾನೀಗಲೇ ಹೇಳಲ್ಲ. ಈ ಕಥೆಗಳನ್ನು ಬೇರೆಯವರೂ ಕನ್ನಡದಲ್ಲಿ ತಂದಿರಬಹುದು. ಪುಸ್ತಕ ನೋಡದೆ ಹೇಳೋದು ತಪ್ಪು. ಆದರೆ ಇದೇ ಸಾಲಿನದಾದರೆ ಮುಖಪುಟ ಇಲ್ಲದಿದ್ದರೂ ಇಡೀ ಟ್ರಂಕಿನಲ್ಲಿ ಇವೇ ಮುಖ್ಯ.

ಅವೆನ್ಯೂ ರಸ್ತೆ ಓದುಗ:

ಪೇಡೆ ಅವರೇ, ನೀವು ಹೇಳಿದ್ದು ಒಂದು ಪಕ್ಷ. ಅನಂತ ಪೈ ಅವರು ಹೇಳುತ್ತಿದ್ದದ್ದು ಬೇರೆ. 1967ರಲ್ಲಿ ದೆಹಲಿಯಲ್ಲಿ ಟಿವಿಯ ಒಂದು ಕ್ವಿಜ್ ನೋಡಿದರಂತೆ. ಗ್ರೀಕ್ ಪುರಾಣದ ಪ್ರಶ್ನೆಗೆ ಮಕ್ಕಳು ಉತ್ತರ ಹೇಳಿದರು, ರಾಮನ ತಾಯಿ ಯಾರು ಅಂದರೆ ಹೇಳಲಿಲ್ಲ. ಅಲ್ಲಿಂದ ಅಮರ ಚಿತ್ರಕಥೆಯ ಯೋಚನೆ ಬಂತು ಅಂತ. ಈ ಕಥೆಯೇ ಹೆಚ್ಚು ಪ್ರಚಾರ ಆಗಿದೆ.

ಪೇಡೆ ನಗರಿ:

ಎರಡೂ ನಿಜ ಇರಬಹುದಲ್ಲಾ. ಪೈ ಅವರ ಕೆಲಸವನ್ನು ನಾನು ಕಮ್ಮಿ ಮಾಡ್ತಿಲ್ಲ. ಕಾರ್ಕಳದಲ್ಲಿ ಹುಟ್ಟಿದವರು, ಇಂದ್ರಜಾಲ ಶುರುವಾಗುವಾಗಲೂ ಅಲ್ಲಿದ್ದವರು. 400ಕ್ಕೂ ಹೆಚ್ಚು ಪುಸ್ತಕ ತಂದು ಈ ದೇಶದ ಮಕ್ಕಳಿಗೆ ಓದಿಸಿದರು. ಆದರೆ 1ರಿಂದ 10 ಅನ್ನೋ ಸಂಖ್ಯೆಗಳು ಇವೆ, ಅವು ಕನ್ನಡದವು. ಇದು ನಮ್ಮವರಿಗೇ ಗೊತ್ತಿಲ್ಲ ಅನ್ನೋದು ನನಗೆ ನಿಜವಾಗಿ ನೋವು. ಬೆಂಗಳೂರಿನಲ್ಲಿ, ಕನ್ನಡದಲ್ಲಿ ಶುರುವಾದ ಒಂದು ಸಾಲು ಇದು. ಅದರ ಮೊದಲ ಪ್ರತಿಗಳು ನಮ್ಮ ಅಟ್ಟಗಳಲ್ಲೇ ಇರಬೇಕು. ಮುಂಬೈಯಲ್ಲೂ ಸಿಗಲ್ಲ, ದೆಹಲಿಯಲ್ಲೂ ಸಿಗಲ್ಲ. ಹುಡುಕೋ ಕೆಲಸ ನಮ್ಮದೇ.

ನ್ಯೂಜೆರ್ಸಿ ಕನ್ನಡತಿ:

ಇದನ್ನು ಓದಿ ಮೈ ಜುಂ ಅಂತು. ಇಲ್ಲಿಯವರು ಒಂದೊಂದು ಸಣ್ಣ ವಿಷಯವನ್ನೂ ಎಷ್ಟು ಸೂಕ್ಷ್ಮವಾಗಿ ದಾಖಲಿಸುತ್ತಾರೆ ಅಂದರೆ, 1974ರ ಇನ್‌ಕ್ರೆಡಿಬಲ್ ಹಲ್ಕ್ 181ನೇ ಸಂಚಿಕೆ ತೆಗೆದುಕೊಳ್ಳಿ. ವುಲ್ವರಿನ್ ಅನ್ನುವ ಪಾತ್ರ ಪೂರ್ತಿಯಾಗಿ ಕಾಣಿಸಿಕೊಂಡ ಮೊದಲ ಸಂಚಿಕೆ. ಆ ವರ್ಷ ಮಾರ್ವೆಲ್‌ನವರು ಒಳಗಿನ ಪತ್ರಗಳ ಪುಟದಲ್ಲಿ ಒಂದು ಪುಟ್ಟ ಚಿತ್ರದ ಸ್ಟಾಂಪ್ ಅಚ್ಚು ಹಾಕುತ್ತಿದ್ದರು. ಮಕ್ಕಳು ಕತ್ತರಿಸಿ ಪುಸ್ತಕಕ್ಕೆ ಅಂಟಿಸಿಕೊಳ್ಳಲಿ ಅಂತ. ಎಷ್ಟೋ ಮಕ್ಕಳು ಕತ್ತರಿಸಿಬಿಟ್ಟರು. ಮುಖಪುಟ ಎಷ್ಟೇ ಫಳಫಳ ಅಂದರೂ ಆ ಸ್ಟಾಂಪ್ ಇಲ್ಲದಿದ್ದರೆ ಬೆಲೆ ದಬ್ ಅಂತ ಬೀಳುತ್ತೆ. ಕೊಳ್ಳುವವರು ಮೊದಲು ತೆಗೆದು ನೋಡೋದೇ ಆ ಪುಟ. ನಮ್ಮ ಕಡೆ ಇಂಥದ್ದು ಯಾವುದು ಇರಬಹುದು?

ಅವೆನ್ಯೂ ರಸ್ತೆ ಓದುಗ:

ನಮ್ಮಲ್ಲಿ ಕೂಪನ್ನು, ಬಣ್ಣ ತುಂಬುವ ಸ್ಪರ್ಧೆ, ಪದಬಂಧ. ಪೆನ್ಸಿಲ್‌ನಲ್ಲಿ ತುಂಬಿದ್ದರೆ ಹಾಗೇ ಬಿಡಿ, ರಬ್ಬರ್ ಹಚ್ಚಬೇಡಿ. ಕತ್ತರಿಸಿದ್ದರೆ ಹಿಂಬದಿಯ ಪುಟದ ಕಥೆಯೂ ಹೋಗಿರುತ್ತೆ.

ಮಾಣಿ, ಲೈಬ್ರರಿ ಸೀಲಿನ ಬಗ್ಗೆ ಹೇಳಿದ್ದಿರಿ. ಬೆಲೆ ಸ್ವಲ್ಪ ಇಳಿಯುತ್ತೆ, ನಿಜ. ನನಗೆ ಮಾತ್ರ ಆ ಸೀಲು ಇಷ್ಟ. ಯಾವ ಊರಲ್ಲಿ, ಯಾವ ಬೀದಿಯಲ್ಲಿ, ದಿನಕ್ಕೆ ಎಷ್ಟು ಪೈಸೆ ಬಾಡಿಗೆಗೆ ಕನ್ನಡದ ಮಕ್ಕಳು ಫ್ಯಾಂಟಮ್ ಓದಿದರು ಅನ್ನೋದಕ್ಕೆ ಇನ್ಯಾವ ದಾಖಲೆ ಇದೆ? ಆ ಸೀಲುಗಳ ಫೋಟೋ ತೆಗೆದಿಡಿ.

ಈಗ ನಕಲಿಯ ವಿಷಯ. ಹಳೆ ಇಂಗ್ಲಿಷ್ ಇಂದ್ರಜಾಲಕ್ಕೆ ಬೆಲೆ ಬಂದ ಮೇಲೆ ಮುಖಪುಟ ಇಲ್ಲದ ಪ್ರತಿಗೆ ಕಲರ್ ಜೆರಾಕ್ಸ್ ಹಾಕಿ ಮಾರೋದು ಶುರುವಾಗಿದೆ. ಒಂದು ಭೂತಗನ್ನಡಿ ಇಟ್ಟುಕೊಳ್ಳಿ. ಆ ಕಾಲದ ಅಚ್ಚಿನಲ್ಲಿ ಬಣ್ಣ ಅಂದರೆ ಸಾಲುಸಾಲು ಚುಕ್ಕಿಗಳು, ಅಚ್ಚುಕಟ್ಟಾಗಿ ಕಾಣುತ್ತವೆ. ಇಂಕ್‌ಜೆಟ್ ಪ್ರಿಂಟರ್‌ನ ನಕಲಿನಲ್ಲಿ ಎರಚಿದ ಹಾಗೆ ಅಡ್ಡಾದಿಡ್ಡಿ ಇರುತ್ತೆ. ಆಮೇಲೆ ಪಿನ್ನಿನ ತುಕ್ಕು ನೋಡಿ. ಮುಖಪುಟದ ಮೇಲಿನ ಕಲೆ ಒಳಗಿನ ಹಾಳೆಗಳ ಮೇಲೂ ಅದೇ ಜಾಗದಲ್ಲಿ ಇಳಿದಿರಬೇಕು. ಒಳಗೆ ಕಂದು ಕಲೆ ಇದ್ದು ಮೇಲೆ ಶುಭ್ರವಾಗಿದ್ದರೆ ಆ ಮುಖಪುಟ ಆಮೇಲೆ ಬಂದದ್ದು.

ಕರಾವಳಿ ಕೂಸು:

ಮಳೆಗಾಲ ಹತ್ತಿರ ಇದೆ. ಶಿರಸಿ ಕಡೆ ಮಳೆ ಅಂದರೆ ಕೇಳಬೇಕಾ? ಇಡೋ ಬಗ್ಗೆ ನಾಲ್ಕು ಮಾತು.

ಈ ಕಾಗದ ನ್ಯೂಸ್‌ಪ್ರಿಂಟ್. ಮರದ ತಿರುಳಿನಲ್ಲಿ ಇರುವ ಲಿಗ್ನಿನ್ ಅಂಶ ಅದರಲ್ಲಿ ಹಾಗೇ ಉಳಿದಿರುತ್ತೆ. ಬೆಳಕು, ಗಾಳಿ ತಾಗಿದ ಹಾಗೆ ಹಳದಿ ಆಗಿ, ಹುಳಿ, ಅಂದರೆ ಆಮ್ಲ, ಹೆಚ್ಚಿ, ಮುಟ್ಟಿದರೆ ಮುರಿಯುವ ಹಪ್ಪಳದಂತೆ ಆಗುತ್ತೆ. ಇದನ್ನು ತಡೆದು ನಿಲ್ಲಿಸೋಕೆ ಆಗಲ್ಲ, ನಿಧಾನ ಮಾಡಬಹುದು. ಕತ್ತಲೆ, ಒಣ ಜಾಗ, ಗಾಳಿಯಾಡುವ ಕೋಣೆ. ಹೆಂಚಿನ ಕೆಳಗಿನ ಅಟ್ಟ ಎಲ್ಲಕ್ಕಿಂತ ಕೆಟ್ಟ ಜಾಗ. ಬೇಸಿಗೆಯಲ್ಲಿ ಕಾಯುತ್ತೆ, ಮಳೆಯಲ್ಲಿ ಒದ್ದೆ ಗಾಳಿ. ಟ್ರಂಕನ್ನು ಗೋಡೆಗೆ ತಾಗಿಸಬೇಡಿ, ನೆಲದಿಂದ ಎತ್ತರಿಸಿ ಇಡಿ, ಗೆದ್ದಲಿನ ಭಯ.

ಸೆಲೋಟೇಪ್ ಬೇಡವೇ ಬೇಡ. ಅಂಟು ಕಾಗದದೊಳಗೆ ಇಳಿದು ಕಂದು ಪಟ್ಟಿ ಆಗುತ್ತೆ, ಆಮೇಲೆ ತೆಗೆಯೋಕೆ ಬರಲ್ಲ. ಲ್ಯಾಮಿನೇಷನ್ ಅಂತೂ ಪುಸ್ತಕವನ್ನು ಕೊಂದ ಹಾಗೆ. ಸ್ಟೇಷನರಿ ಅಂಗಡಿಯಲ್ಲಿ ವಾಸನೆ ಬರುವ ಮೆತ್ತನೆ ಪ್ಲಾಸ್ಟಿಕ್ ಕವರ್ ಸಿಗುತ್ತಲ್ಲ, ಪಿವಿಸಿ, ಅದೂ ಬೇಡ. ಮುಖಪುಟದ ಬಣ್ಣ ಅದಕ್ಕೇ ಅಂಟಿಕೊಳ್ಳುತ್ತೆ. ಪಾಲಿಪ್ರೊಪಿಲಿನ್ ಕವರ್ ಸಾಕು, ಬೆಲೆಬಾಳುವುದಕ್ಕೆ ಮೈಲಾರ್ ಅನ್ನುವ ಪಾರದರ್ಶಕ ಪಾಲಿಯೆಸ್ಟರ್ ಕವರ್. ಹಿಂದೆ ಹುಳಿರಹಿತ ರಟ್ಟು. ಸಾದಾ ಕಂದು ರಟ್ಟು ಇಟ್ಟರೆ ಅದರ ಹುಳಿಯೇ ಪುಸ್ತಕಕ್ಕೆ ಇಳಿಯುತ್ತೆ. ನುಸಿಗುಳಿಗೆಯನ್ನು ಪುಟಗಳ ನಡುವೆ ಇಡಬೇಡಿ. ಬಟ್ಟೆ ಚೀಲದಲ್ಲಿ ಕಟ್ಟಿ ಮೂಲೆಗೆ ಇಡಿ. ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಆಗಾಗ ಬದಲಿಸಿ. ಬಿಸಿಲಿಗೆ ಹಾಕಿ ಒಣಗಿಸೋ ಅಜ್ಜಿ ಪದ್ಧತಿ ಅಕ್ಕಿಗೆ ಸರಿ, ಕಾಮಿಕ್ಸ್‌ಗೆ ಅಲ್ಲ. ಫ್ಯಾನ್ ಕೆಳಗೆ ನೆರಳಿನಲ್ಲಿ ಇಡಿ.

ಮೈಸೂರು ಮೇಷ್ಟ್ರು:

ತಡವಾಗಿ ಬಂದೆ, ಕ್ಷಮಿಸಿ. ನಾನು ಕನ್ನಡದವನ್ನೇ ಕೊಳ್ಳುವವನು, ಮಾರುವುದಿಲ್ಲ. ಹಾಗಾಗಿ ರೇಟು ಹೇಳೋಕೆ ನನಗೆ ಮುಜುಗರ ಇಲ್ಲ. ಮುಖಪುಟ ಇರುವ, ಪುಟ ಪೂರ್ತಿ ಇರುವ ಕನ್ನಡ ಇಂದ್ರಜಾಲಕ್ಕೆ ನಾನು ಸಾಮಾನ್ಯವಾಗಿ 200ರಿಂದ 500 ರೂಪಾಯಿ ಕೊಡುತ್ತೇನೆ. ಶುರುವಿನ ಸಂಚಿಕೆಗಳಾದರೆ ಅದಕ್ಕಿಂತ ಜಾಸ್ತಿ. ಮುಖಪುಟ ಇಲ್ಲದ್ದಕ್ಕೆ ಬಹಳ ಕಮ್ಮಿ, ಓದೋಕೆ ಮಾತ್ರ. ಇದು ನನ್ನೊಬ್ಬನ ಲೆಕ್ಕ. ಬೇರೆಯವರು ಹೆಚ್ಚು ಕೊಟ್ಟಾರು.

ಬಹಾದ್ದೂರ್ ಸಂಚಿಕೆಗಳನ್ನು ಬೇರೆ ಇಡಿ. ಫ್ಯಾಂಟಮ್ ಕಥೆ ಜಗತ್ತಿನ ಎಲ್ಲ ಕಡೆ ಅಚ್ಚಾಗಿದೆ. ಬಹಾದ್ದೂರ್ ಇಂದ್ರಜಾಲದವರದೇ, 1976ರ ಡಿಸೆಂಬರ್‌ನಲ್ಲಿ ಆಬಿದ್ ಸುರತಿ ಹುಟ್ಟಿಸಿದ ಪಾತ್ರ. ಚಂಬಲ್ ಕಣಿವೆಯ ಡಕಾಯಿತನ ಮಗ, ಡಕಾಯಿತರ ವಿರುದ್ಧವೇ ನಿಲ್ಲುತ್ತಾನೆ. ಚಿತ್ರ ಗೋವಿಂದ್ ಬ್ರಾಹ್ಮಣಿಯಾ ಅವರದ್ದು. ಫ್ಯಾಂಟಮ್ ಮುಖಪುಟಗಳಿಗೆ ಬಣ್ಣದ ಚಿತ್ರ ಬರೆದು ನಮ್ಮನ್ನೆಲ್ಲ ಹುಚ್ಚು ಹಿಡಿಸಿದವರೂ ಅವರೇ. ಆ ಮುಖಪುಟಗಳಿಗಾಗಿಯೇ ಕೊಳ್ಳುವವರಿದ್ದಾರೆ.

ಇಂಗ್ಲಿಷ್ ಅಮರ ಚಿತ್ರಕಥೆ ಎಂಬತ್ತರ ನಂತರದ್ದಾದರೆ ಹೆಚ್ಚು ನಿರೀಕ್ಷೆ ಬೇಡ, ಕೋಟಿಗಟ್ಟಲೆ ಅಚ್ಚಾದ ಸಾಲು ಅದು. ಮನೆಯಲ್ಲಿ ಜಾಗ ಬೇಕು ಅಂದರೆ ಮೊದಲು ಅವನ್ನೇ ಕೊಡಿ. ಕನ್ನಡದ ಬಸವೇಶ್ವರ, ಪುರಂದರದಾಸ, ರಾಣಿ ಅಬ್ಬಕ್ಕ ಸಿಕ್ಕರೆ ಇಟ್ಟುಕೊಳ್ಳಿ. ನಿಮ್ಮ ಮಕ್ಕಳು ಓದಲಿ.

ಕರಾವಳಿ ಕೂಸು:

ಮೇಷ್ಟ್ರೇ, ರೇಟು ಬಿಚ್ಚಿ ಹೇಳಿದ್ದಕ್ಕೆ ಕೈಮುಗಿದೆ. ಸ್ಕ್ಯಾನ್ ಮಾಡಿ ಎಲ್ಲರಿಗೂ ಹಂಚಿದರೆ ಹೇಗೆ? ಕನ್ನಡದ್ದು ಕಳೆದುಹೋಗದೆ ಉಳಿಯುತ್ತಲ್ಲ.

ಮೈಸೂರು ಮೇಷ್ಟ್ರು:

ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ, ಖಂಡಿತ ಮಾಡಿ. ಇಂಟರ್ನೆಟ್ಟಿಗೆ ಹಾಕಬೇಡಿ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷದವರೆಗೆ ಹಕ್ಕು ಇರುತ್ತೆ. ಅನಂತ ಪೈ ಅವರು ಹೋಗಿದ್ದು 2011ರಲ್ಲಿ. ಅಮರ ಚಿತ್ರಕಥೆಯನ್ನು ಈಗಲೂ ಪ್ರಕಟಿಸುವವರಿದ್ದಾರೆ. ಹಂಚಬೇಕಾದ್ದು ಮಾಹಿತಿ: ಯಾವ ಸಂಖ್ಯೆ, ಕನ್ನಡದಲ್ಲಿ ಯಾವ ಹೆಸರು, ಅನುವಾದಕರ ಹೆಸರಿದ್ದರೆ ಅದು. ಕನ್ನಡದ ಸಂಚಿಕೆಗಳ ಒಂದು ಪೂರ್ತಿ ಪಟ್ಟಿ ನಾವೆಲ್ಲ ಸೇರಿ ಮಾಡಿದರೆ ಮುಂದಿನವರಿಗೆ ಬೆಲೆ ಕಟ್ಟೋದೂ ಸುಲಭ, ಹುಡುಕೋದೂ ಸುಲಭ.

ಶಿರಸಿ ಮಾಣಿ:

ಮಾವನಿಗೆ ಇದನ್ನೆಲ್ಲಾ ಓದಿ ಹೇಳಿದೆ. ಕನ್ನಡದ್ದು ಒಂದೂ ಕೊಡಲ್ಲ ಅಂದರು. ಇಂಗ್ಲಿಷ್ ಅಮರ ಚಿತ್ರಕಥೆಯಲ್ಲಿ ಎರಡೆರಡು ಇರುವುದನ್ನು ಕೊಡಲು ಒಪ್ಪಿದ್ದಾರೆ. ಟ್ರಂಕು ಅಟ್ಟದಿಂದ ಇಳಿದು ನಡುಮನೆ ಕಪಾಟಿಗೆ ಬರುತ್ತೆ, ಅತ್ತೆಯೂ ಒಪ್ಪಿದರು. ಪಟ್ಟಿ ಪೂರ್ತಿ ಇಲ್ಲೇ ಹಾಕುತ್ತೇನೆ. ಒಂದೇ ಪ್ರಶ್ನೆ ಉಳಿದಿದೆ: ಸಿಂಡ್ರೆಲ್ಲಾ, ಪಿನೋಕಿಯೋ ಎರಡಕ್ಕೂ ಮುಖಪುಟ ಇಲ್ಲವಲ್ಲ, ಸಂಖ್ಯೆ ಗೊತ್ತಿಲ್ಲ. ಪಟ್ಟಿಯಲ್ಲಿ ಏನಂತ ಬರೆಯಲಿ? ಪಿನೋಕಿಯೋದ ಪಿನ್ನು ಪೂರ್ತಿ ತುಕ್ಕು, ತೆಗೆಯಲಾ?

ಬೈಂಡರ್ ಮಗ:

ಪಿನ್ನು ತೆಗೆಯಬೇಡಿ ಮಾಣಿ. ಎಳೆದರೆ ತುಕ್ಕು ಹಿಡಿದ ಜಾಗದ ಕಾಗದವೂ ಅದರ ಜೊತೆ ಕಿತ್ತು ಬರುತ್ತೆ. ಒದ್ದೆ ಆಗದಂತೆ ನೋಡಿಕೊಂಡರೆ ಈಗಿರುವಷ್ಟಕ್ಕೆ ನಿಲ್ಲುತ್ತೆ. ಪುಟ ತಿರುಗಿಸುವಾಗ ಮೂಲೆ ಹಿಡಿಯಬೇಡಿ, ಅಂಗೈ ಕೆಳಗೆ ಕೊಟ್ಟು ಎತ್ತಿ.

ಪೇಡೆ ನಗರಿ:

ಸಂಖ್ಯೆಯ ಜಾಗ ಖಾಲಿ ಬಿಡ್ರಿ, ಊಹೆ ಮಾಡಿ ತುಂಬಬೇಡ್ರಿ. ಪುಟ ಎಷ್ಟಿವೆ, ಅಗಲ ಎತ್ತರ ಎಷ್ಟು ಸೆಂಟಿಮೀಟರ್, ಮೊದಲ ಚಿತ್ರದ ಕೆಳಗಿನ ಮೊದಲ ವಾಕ್ಯ ಏನು, ಕೊನೆ ಪುಟದ ತಳದಲ್ಲಿ ಅಚ್ಚುಕೂಟದ ಹೆಸರು ಅರ್ಧ ಉಳಿದಿದ್ದರೂ ಆ ಅರ್ಧ. ಇಷ್ಟು ಬರೆದು, ಆ ತಳದ ಸಾಲಿನ ಫೋಟೋ ಹಗಲು ಬೆಳಕಿನಲ್ಲಿ ತೆಗೆದು ಹಾಕ್ರಿ. ಫ್ಲ್ಯಾಶ್ ಬೇಡ.